ಏನನ್ನು ಬಿಡಬೇಕು, ಪುಟ್ಟಿ?

ಪುಟ್ಟಿ, ಎಂ.ಎಸ್ಸಿ. ಗಣಿತ ಮುಗಿದ ಮೇಲೆ ಫ್ಲೂಯಿಡ್ ಡೈನಾಮಿಕ್ಸ್‌ನಲ್ಲೇ ಪಿಎಚ್.ಡಿ. ಅಂದೆಯಂತೆ. ನಿಮ್ಮಪ್ಪ ಫೋನಿನಲ್ಲಿ, "ನೀರು ಹರಿಯೋದ್ರಲ್ಲಿ ಓದೋಕೆ ಏನಿದೆ ದೊಡ್ಡಪ್ಪ?" ಅಂದ. ದನಿಯಲ್ಲಿ ಅರ್ಧ ಹೆಮ್ಮೆ, ಅರ್ಧ ದಿಗಿಲು. ಅವನ ವಿಷಯ ಆಮೇಲೆ. ಮೊದಲು ನಿನಗೊಂದು ಮಾತು.

ಈ ವಿದ್ಯೆಯಲ್ಲಿ ಕಷ್ಟವಾದದ್ದು ಸಮೀಕರಣ ಬರೆಯುವುದಲ್ಲ. ಅದನ್ನು ನೇವಿಯರ್, ಸ್ಟೋಕ್ಸ್ ಹತ್ತೊಂಬತ್ತನೆಯ ಶತಮಾನದಲ್ಲೇ ಬರೆದಿಟ್ಟರು. ಅದರಲ್ಲಿ ಯಾವುದನ್ನು ಬಿಡಬಹುದು ಎನ್ನುವುದೇ ಕಷ್ಟ. ಪಿರಿಯಾಪಟ್ಟಣದ ನಿಮ್ಮ ಹೊಲದ ತಂಬಾಕು ಬ್ಯಾರನ್ನನ್ನೇ ನೋಡು. ಒಲೆಗೆ ಸೌದೆ ಒಟ್ಟಿದರೆ ಒಳಗಿನ ಕೊಳವೆ ಕಾಯುತ್ತದೆ, ಗಾಳಿ ಹಗುರಾಗಿ ಕಡ್ಡಿಗೆ ಕಟ್ಟಿದ ಸೊಪ್ಪಿನ ಸಂದಿಯಲ್ಲಿ ಮೇಲೇರುತ್ತದೆ. ಆ ಗಾಳಿಯ ಸಾಂದ್ರತೆ ಮೂಲೆಮೂಲೆಗೂ ಬೇರೆ. ಎಲ್ಲವನ್ನೂ ಲೆಕ್ಕಕ್ಕೆ ಹಿಡಿಯಹೋದರೆ ಕೈಸೋಲುತ್ತೀಯೆ. ಫ್ರಾನ್ಸಿನ ಬುಸಿನೆಸ್ಕ್ ಕೊಟ್ಟ ಉಪಾಯ ಇದು: ಗಾಳಿಯನ್ನು ಮೇಲೆತ್ತುವ ಪದದಲ್ಲಿ ಮಾತ್ರ ಆ ವ್ಯತ್ಯಾಸ ಇಟ್ಟುಕೋ, ಉಳಿದ ಕಡೆ ಬಿಡು. ಬಿಸಿಯ ಅಂತರ ವಿಪರೀತವಾದರೆ ಈ ಉಪಾಯ ನಡೆಯದು, ಅದೂ ನೆನಪಿರಲಿ.

ಪಿ.ಎಲ್. ಭಟ್ನಾಗರ್ ಹೆಸರು ಕೇಳಿರುತ್ತೀಯೆ. 1954ರಲ್ಲಿ ಗ್ರಾಸ್, ಕ್ರೂಕ್ ಜೊತೆ ಸೇರಿ ಬೋಲ್ಟ್ಸ್‌ಮನ್ ಸಮೀಕರಣದ ಭಯಂಕರವಾದ ಡಿಕ್ಕಿಯ ಪದವನ್ನು ತೆಗೆದು, ಒಂದೇ ಸಾಲಿನ ಸರಳ ಪದ ಕೂರಿಸಿದರು. 1956ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ಅನ್ವಯಿಕ ಗಣಿತ ವಿಭಾಗ ಕಟ್ಟಿದರು. ಇವತ್ತಿಗೂ ಕಂಪ್ಯೂಟರಿನಲ್ಲಿ ಹರಿವನ್ನು ಲೆಕ್ಕಹಾಕುವ ಒಂದು ದೊಡ್ಡ ವಿಧಾನ ಆ ಸರಳ ಪದದ ಮೇಲೆಯೇ ನಿಂತಿದೆ. ಸೆಂಟ್ರಲ್ ಕಾಲೇಜಿನ ಎನ್. ರುದ್ರಯ್ಯನವರು ಸಣ್ಣ ರಂಧ್ರಗಳಿರುವ ಮಾಧ್ಯಮದಲ್ಲಿ ಬಿಸಿ ಹೇಗೆ ಚಲಿಸುತ್ತದೆಂದು ವರ್ಷಗಟ್ಟಲೆ ಕೆಲಸ ಮಾಡಿದರು. ಅಲ್ಲೂ ಒಂದೊಂದು ರಂಧ್ರದ ಬೆನ್ನು ಹತ್ತುವುದಿಲ್ಲ, ಸರಾಸರಿ ಹಿಡಿಯುತ್ತಾರೆ.

ಆದರೆ ಬಿಡುವುದಕ್ಕೂ ಕಾರಣ ಬೇಕು. ನಾನು ಕಲಿಯುವಾಗ ಒಂದು ಪದ ಲೆಕ್ಕಕ್ಕೆ ತೊಡಕು ಮಾಡುತ್ತಿತ್ತು. 'ಇದು ಚಿಕ್ಕದು' ಎಂದು ಬರೆದು ಮುಂದೆ ಹೋದೆ. ಎಂಟು ತಿಂಗಳಾದ ಮೇಲೆ ನಮ್ಮ ಗುರುಗಳು, "ಚಿಕ್ಕದು ಸರಿ, ಯಾವುದಕ್ಕಿಂತ?" ಎಂದರು. ನನ್ನ ಬಳಿ ಉತ್ತರವಿರಲಿಲ್ಲ. ಅಷ್ಟೂ ಹಾಳೆ ರದ್ದಿಗೆ ಹೋಯಿತು. ನೀನು ಬಿಟ್ಟದ್ದನ್ನು ಪ್ರಬಂಧದ ಮೊದಲ ಅಧ್ಯಾಯದಲ್ಲೇ, ಎಲ್ಲರ ಕಣ್ಣಿಗೆ ಬೀಳುವಂತೆ ಬರೆ.

ಅವಸರ ಬೇಡ. ಐದಾರು ವರ್ಷ ಹಿಡಿದೀತು, ಜೊತೆಯವರು ಅಷ್ಟರಲ್ಲಿ ಕಾರು ಕೊಂಡಿರುತ್ತಾರೆ. ಗುರುವನ್ನು ಸಂಸ್ಥೆಯ ಹೆಸರು ನೋಡಿ ಆರಿಸಬೇಡ, ಅವರ ವಿದ್ಯಾರ್ಥಿಗಳನ್ನು ನೋಡಿ ಆರಿಸು. ರೊದ್ದಂ ನರಸಿಂಹ ಅವರ ಶಿಷ್ಯರು ಕೋಲಾರದಲ್ಲಿ ಹುಟ್ಟಿದ ಕೆ.ಆರ್. ಶ್ರೀನಿವಾಸನ್. ಕದಡಿದ ಹರಿವು ಮತ್ತೆ ತಿಳಿಯಾಗುವುದು ಹೇಗೆಂದು ಇಬ್ಬರೂ ಸೇರಿ 1979ರಲ್ಲಿ ಬರೆದರು. ಗುರುವಿನ ಹೆಸರಿನ ಪಕ್ಕ ಶಿಷ್ಯನ ಹೆಸರು ಸರಿಸಮನಾಗಿ ನಿಂತಿದೆ.

ದಸರಾ ರಜೆಗೆ ಕೆ.ಆರ್. ನಗರಕ್ಕೆ ಬಾ, ನಿಮ್ಮಪ್ಪನನ್ನೂ ಕರೆದುಕೊಂಡು ಬಾ. ಚುಂಚನಕಟ್ಟೆಯ ನಾಲೆಯಲ್ಲಿ ಒಂದು ಎಲೆಯನ್ನು ಗೋಡೆಯ ಪಕ್ಕಕ್ಕೆ, ಇನ್ನೊಂದನ್ನು ನಟ್ಟನಡುವೆ ಬಿಡೋಣ. ಯಾವುದು ಯಾಕೆ ಹಿಂದೆ ಬಿತ್ತು ಅಂತ ಅವನೇ ಹೇಳಲಿ.