ಗುಂಡಿ ಒತ್ತಿದರೆ ಹಾಡಬೇಕು

ಆಂಪ್ಲಿಫಯರ್ ಗಟ್ಟಿಮುಟ್ಟಾಗಿದೆ, ಸ್ಪೀಕರ್‌ಗಳ ದನಿಯೂ ಕೆಟ್ಟಿಲ್ಲ, ಆದರೆ ಮನೆಯಲ್ಲಿ ಹಾಡು ಮಾತ್ರ ಕೇಳುವುದಿಲ್ಲ. ಕ್ಯಾಸೆಟ್ ಡೆಕ್ಕಿನ ಬೆಲ್ಟ್ ಸಡಿಲವಾಗಿರುತ್ತದೆ, ಸಿಡಿ ಪ್ಲೇಯರಿನ ಲೆನ್ಸ್ ಓದುವುದನ್ನು ಬಿಟ್ಟಿರುತ್ತದೆ, ಉಳಿದ ಸಂಗೀತವೆಲ್ಲ ಮನೆಯ ಯಾರದೋ ಒಬ್ಬರ ಮೊಬೈಲಿನೊಳಗೆ ಸೇರಿಕೊಂಡಿರುತ್ತದೆ. ಇಂಥ ಸ್ಪೀಕರ್‌ಗಳಿಗೆ ಪೆನ್‌ಡ್ರೈವ್‌ನಿಂದ ಹಾಡುವ ಒಂದು ಸಣ್ಣ ಪ್ಲೇಯರ್ ಸಿಕ್ಕಿಸಿಕೊಟ್ಟರೆ ಸಮಸ್ಯೆ ಮುಗಿಯಿತು ಎನ್ನುವವರು ಬಹಳ. ಪ್ಲೇಯರ್ ಸಿಕ್ಕಿಸುವುದು ಐದು ನಿಮಿಷದ ಕೆಲಸ ಎಂಬುದು ನಿಜ. ಆದರೆ ಅದು ಮನೆಯಲ್ಲಿ ಉಳಿಯುತ್ತದೆಯೋ ಮೂಲೆ ಸೇರುತ್ತದೆಯೋ ಎಂಬುದು ಆ ಐದು ನಿಮಿಷದಲ್ಲಿ ನಿರ್ಧಾರವಾಗುವುದಿಲ್ಲ. ಈ ಕೆಲಸದಿಂದ ನಾನು ಕಲಿತದ್ದು ಇಷ್ಟೇ: ಕೇಳುವವರಿಗೆ ಒಂದೇ ಗುಂಡಿಯ ಕೆಲಸ ಉಳಿಯಬೇಕಾದರೆ ಮಿಕ್ಕ ಕೆಲಸವನ್ನೆಲ್ಲ ಜೋಡಿಸಿಕೊಡುವವರು ಮೊದಲೇ ಮಾಡಿ ಮುಗಿಸಿರಬೇಕು. ಯಂತ್ರ ಎಷ್ಟು ಅಗ್ಗದ್ದು ಎಂಬುದಕ್ಕಿಂತ ಈ ಮುಂಗಡ ದುಡಿಮೆ ಎಷ್ಟು ನಡೆದಿದೆ ಎಂಬುದೇ ಮುಖ್ಯ.

ಇದಕ್ಕೆ ಮಾರುಕಟ್ಟೆಯಲ್ಲೇ ಸಾಕ್ಷಿ ಇದೆ. ಸಾರೆಗಾಮಾ ಕಂಪನಿ 2017ರಲ್ಲಿ ತಂದ ಕಾರವಾನ್ ಪೆಟ್ಟಿಗೆಯಲ್ಲಿ ತಂತ್ರಜ್ಞಾನದ ಹೊಸತೇನೂ ಇರಲಿಲ್ಲ. 5,000 ಹಳೆಯ ಹಿಂದಿ ಹಾಡುಗಳನ್ನು ಆರಿಸಿ, ಗಾಯಕರ ಹೆಸರಿನಲ್ಲಿ ಜೋಡಿಸಿ, ಒಂದು ಗುಂಡಿ ತಿರುಗಿಸಿದರೆ ಸಾಕು ಎಂಬಂತೆ ಮಾಡಿದ್ದೇ ಅದರ ಬಂಡವಾಳ. ಸ್ಮಾರ್ಟ್‌ಫೋನ್ ಕೈಯಲ್ಲಿದ್ದ ಕಾಲದಲ್ಲೇ ಜನ ಅದನ್ನು ಹಿರಿಯರಿಗೆಂದು ಕೊಂಡುಕೊಂಡರು. ಆರಿಸಿ ಜೋಡಿಸುವ ಶ್ರಮವನ್ನು ಬೇರೊಬ್ಬರು ಮಾಡಿಟ್ಟಿದ್ದಾರೆ ಎಂಬುದಕ್ಕೇ ಆ ದುಡ್ಡು. ಹಾಗಿದ್ದರೆ ಅದನ್ನೇ ಕೊಂಡರಾಯಿತಲ್ಲ ಎನ್ನಬಹುದು. ಕೊಳ್ಳಬಹುದು. ಆದರೆ ಪಡಸಾಲೆಯಲ್ಲಿ ದೊಡ್ಡ ಸ್ಪೀಕರ್‌ಗಳು ಸುಮ್ಮನೆ ಕೂತಿರುವಾಗ ಪೆಟ್ಟಿಗೆಯ ಸಣ್ಣ ಸ್ಪೀಕರಿನಲ್ಲಿ ಕೇಳುವುದೇಕೆ? ಅದಕ್ಕಿಂತ ಮುಖ್ಯವಾಗಿ, ಒಂದೊಂದು ಮನೆಗೂ ಅದರದೇ ಸಂಗೀತವಿದೆ. ಊರಿನ ತಾಳಮದ್ದಳೆಯ ರೆಕಾರ್ಡಿಂಗ್, ಭಜನಾ ಮಂಡಳಿಯ ಹಾಡು, ಅಜ್ಜಿ ಕಾಪಾಡಿಟ್ಟ ಭಾವಗೀತೆಯ ಕ್ಯಾಸೆಟ್ಟು, ಇವನ್ನೆಲ್ಲ ಯಾವ ಕಂಪನಿಯೂ ತುಂಬಿಸಿಕೊಡುವುದಿಲ್ಲ.

ಎಲ್ಲವೂ ಆನ್‌ಲೈನಿನಲ್ಲೇ ಸಿಗುವಾಗ ಪೆನ್‌ಡ್ರೈವ್ ಏಕೆ ಎಂಬುದು ಮೊದಲ ಆಕ್ಷೇಪ. ಸಿಗುವುದು ನಿಜ, ಆದರೆ ಹಾಡಿಗೂ ಕಿವಿಗೂ ನಡುವೆ ಎಷ್ಟು ಬಾಗಿಲುಗಳಿವೆ ನೋಡಿ: ಫೋನು ಚಾರ್ಜ್ ಆಗಿರಬೇಕು, ನೆಟ್ ಇರಬೇಕು, ಆ್ಯಪ್ ತೆರೆಯಬೇಕು, ಬ್ಲೂಟೂತ್ ಹಿಡಿಯಬೇಕು. ಆಲಾಪದ ಮಧ್ಯೆ ಫೋನ್ ಬಂದರೆ ಸಂಗೀತ ನಿಲ್ಲುತ್ತದೆ, ಫೋನಿನ ಒಡೆಯರು ಹೊರಗೆ ಹೊರಟರೆ ಸಂಗೀತವೂ ಅವರ ಹಿಂದೆಯೇ ಹೊರಡುತ್ತದೆ. ಆ್ಯಪ್‌ನಲ್ಲಿ ಡೌನ್‌ಲೋಡ್ ಮಾಡಿಕೊಂಡ ಹಾಡು ಆ ಆ್ಯಪ್‌ನೊಳಗೇ ಬೀಗ ಹಾಕಿಕೊಂಡಿರುತ್ತದೆ, ಪೆನ್‌ಡ್ರೈವ್‌ಗೆ ಬರುವುದಿಲ್ಲ. ಸಾಧನ ತಯಾರಿಸಿದ ಕಂಪನಿಯ ಮನಸ್ಸೂ ಸ್ಥಿರವಲ್ಲ. ಹಳೆಯ ಸ್ಪೀಕರ್‌ಗಳಿಗೆ ನೆಟ್ ಸಂಗೀತ ತರಲೆಂದೇ ಗೂಗಲ್ 2015ರಲ್ಲಿ ಬಿಟ್ಟ ಕ್ರೋಮ್‌ಕಾಸ್ಟ್ ಆಡಿಯೊ ಸೊಗಸಾದ ಸಾಧನವಾಗಿತ್ತು. 2019ರ ಜನವರಿಯ ಹೊತ್ತಿಗೆ ಅದರ ತಯಾರಿಕೆಯೇ ನಿಂತಿತು. ಹೊಸ ಹಾಡು ಹುಡುಕುವವರಿಗೆ ಆನ್‌ಲೈನ್ ಬೇಕೇ ಬೇಕು, ತಕರಾರಿಲ್ಲ. ಬೆಳಗ್ಗೆ ಸುಪ್ರಭಾತ, ಮಧ್ಯಾಹ್ನ ದಾಸರ ಪದ, ಸಂಜೆ ಹಳೆಯ ಚಿತ್ರಗೀತೆ ಕೇಳುವ ಮನೆಗೆ ಹುಡುಕುವ ಸೌಲಭ್ಯಕ್ಕಿಂತ ಇಟ್ಟ ಕಡೆಯೇ ಸಿಗುವ ಸೌಲಭ್ಯ ದೊಡ್ಡದು.

ಜೋಡಣೆಯಲ್ಲಿ ಗಮನಿಸಬೇಕಾದದ್ದು ಎರಡೇ, ಮೊದಲನೆಯದು ಆಂಪ್ಲಿಫಯರಿನ ಬೆನ್ನಲ್ಲಿದೆ. ಅಲ್ಲಿ ಕೆಂಪು-ಬಿಳಿ ಜೋಡಿ ಸಾಕೆಟ್‌ಗಳು ಸಾಲಾಗಿರುತ್ತವೆ. ಪ್ಲೇಯರಿನ ವೈರನ್ನು ಆಕ್ಸ್, ಟೇಪ್ ಅಥವಾ ಸಿಡಿ ಎಂದು ಬರೆದ ಜೋಡಿಗೆ ಹಾಕಬೇಕು, ಫೋನೊ ಎಂದಿರುವುದಕ್ಕೆ ಹಾಕಬಾರದು. ಫೋನೊ ಸಾಕೆಟ್ ಇರುವುದು ಗ್ರಾಮಫೋನ್ ತಟ್ಟೆಯ ಮುಳ್ಳಿನಿಂದ ಬರುವ ತೀರ ಕ್ಷೀಣ ಸಿಗ್ನಲ್ಲಿಗೆ. ಅದು ಸಿಗ್ನಲ್ಲನ್ನು ಸುಮಾರು ನೂರು ಪಟ್ಟು ಹಿಗ್ಗಿಸುವುದಲ್ಲದೆ ಕೆಳಸ್ವರಗಳನ್ನು ಇನ್ನಷ್ಟು ಎತ್ತುತ್ತದೆ. ಹಾಗಾಗಿ ಪ್ಲೇಯರನ್ನು ಅಲ್ಲಿ ಸಿಕ್ಕಿಸಿದರೆ ಹಾಡು ಒಡೆದು ಗದ್ದಲವಾಗುತ್ತದೆ, ತಪ್ಪು ಸ್ಪೀಕರಿನ ತಲೆಗೆ ಬರುತ್ತದೆ. ಎರಡನೆಯದು ಹಮ್ಮಿಂಗ್. ಹಾಡಿನ ಹಿಂದೆ ಗುಂಯ್ ಎಂಬ ಸದ್ದು ಬಂದರೆ ಅಡಾಪ್ಟರ್ ಕಳಚಿ ಪ್ಲೇಯರನ್ನು ಪವರ್ ಬ್ಯಾಂಕಿನಿಂದ ಓಡಿಸಿ ನೋಡಬೇಕು. ಸದ್ದು ಅಡಗಿದರೆ ಅಡಾಪ್ಟರ್ ಬದಲಿಸಿ, ಪ್ಲೇಯರನ್ನೂ ಆಂಪ್ಲಿಫಯರನ್ನೂ ಒಂದೇ ಎಕ್ಸ್‌ಟೆನ್ಶನ್ ಬೋರ್ಡಿಗೆ ಹಾಕಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಆಮೇಲೆ ಪ್ಲೇಯರಿನ ವಾಲ್ಯೂಮನ್ನು ಮುಕ್ಕಾಲಿಗಿಂತ ಸ್ವಲ್ಪ ಮೇಲೆ ಇಟ್ಟು ಮರೆತುಬಿಡಬೇಕು. ದನಿ ಏರಿಸಿ ಇಳಿಸಲು ಮನೆಯವರ ಕೈಗೆ ಸಿಗಬೇಕಾದದ್ದು ಆಂಪ್ಲಿಫಯರಿನ ಗುಂಡಿ ಒಂದೇ.

ನಿಜವಾದ ದುಡಿಮೆ ಪೆನ್‌ಡ್ರೈವ್‌ನಲ್ಲಿದೆ. ಅಗ್ಗದ ಪ್ಲೇಯರ್‌ಗಳಲ್ಲಿ ಹೆಚ್ಚಿನವು ಓದುವುದು ಫ್ಯಾಟ್32 ಎಂಬ ಹಳೆಯ ಫಾರ್ಮ್ಯಾಟ್ ಒಂದನ್ನೇ. 64 ಜಿಬಿಯ ಮೆಮೊರಿ ಕಾರ್ಡುಗಳು ಎಕ್ಸ್‌ಫ್ಯಾಟ್‌ನಲ್ಲಿ ಬರುವುದರಿಂದ ಪ್ಲೇಯರ್ ಅವನ್ನು ಗುರುತಿಸದೆ ಹೋಗಬಹುದು. 16 ಅಥವಾ 32 ಜಿಬಿ ತೆಗೆದುಕೊಂಡರೆ ಈ ತಂಟೆಯಿಲ್ಲ, ಜಾಗವೂ ಕಡಿಮೆಯಾಗುವುದಿಲ್ಲ. 192 ಕೆಬಿಪಿಎಸ್ ಎಂಪಿ3ಗೆ ನಿಮಿಷಕ್ಕೆ ಸುಮಾರು ಒಂದೂವರೆ ಎಂಬಿ ಸಾಕು, ಅಂದರೆ 16 ಜಿಬಿಯಲ್ಲಿ ಸುಮಾರು 185 ಗಂಟೆಯ ಸಂಗೀತ. ದಿನಕ್ಕೆ ಎರಡು ಗಂಟೆ ಕೇಳಿದರೆ ಮೂರು ತಿಂಗಳು. ಇನ್ನು ಕ್ರಮದ ವಿಚಾರ. ಇಂಥ ಅನೇಕ ಪ್ಲೇಯರ್‌ಗಳು ಹೆಸರಿನ ಅಕಾರಾದಿ ನೋಡುವುದಿಲ್ಲ, ಫೈಲ್ ಯಾವ ಕ್ರಮದಲ್ಲಿ ಪೆನ್‌ಡ್ರೈವ್‌ಗೆ ಬಂತೋ ಅದೇ ಕ್ರಮದಲ್ಲಿ ಹಾಡುತ್ತವೆ. ಎಲ್ಲವನ್ನೂ ಒಟ್ಟಿಗೆ ಎಳೆದು ಹಾಕಿದರೆ ಸುಪ್ರಭಾತದ ಬೆನ್ನಿಗೇ ಐಟಂ ಸಾಂಗ್ ಬರಬಹುದು. ಪೆನ್‌ಡ್ರೈವ್ ಫಾರ್ಮ್ಯಾಟ್ ಮಾಡಿ, ಹಾಡುಗಳಿಗೆ 001, 002 ಎಂದು ಅಂಕಿ ಕೊಟ್ಟು, ಫೋಲ್ಡರ್‌ಗಳನ್ನು ಒಂದೊಂದಾಗಿ ನಕಲು ಮಾಡಿ, ಕೊನೆಗೆ ಫ್ಯಾಟ್‌ಸಾರ್ಟ್‌ನಂಥ ಉಚಿತ ತಂತ್ರಾಂಶದಿಂದ ಕ್ರಮ ಸರಿಪಡಿಸುವುದು ಭದ್ರವಾದ ದಾರಿ. ಮ್ಯಾಕ್ ಕಂಪ್ಯೂಟರಿನಿಂದ ನಕಲು ಮಾಡುವವರು ಅದು ತನ್ನಷ್ಟಕ್ಕೆ ಸೇರಿಸುವ ಗುಪ್ತ ಫೈಲುಗಳನ್ನು ಅಳಿಸಬೇಕು. ಪ್ಲೇಯರ್ ಅವನ್ನೂ ಹಾಡೆಂದೇ ತಿಳಿದು ತಡವರಿಸುತ್ತದೆ.

ಕೇಳುವವರ ಕಡೆಯಿಂದ ಯೋಚಿಸಿದರೆ ಇನ್ನೂ ಕೆಲವು ಹೊಳೆಯುತ್ತವೆ. ಅಗ್ಗದ ಪ್ಲೇಯರಿನ ಪುಟ್ಟ ಪರದೆಗೆ ಕನ್ನಡ ಲಿಪಿ ಬಾರದು, ಹೆಸರಿನ ಜಾಗದಲ್ಲಿ ಚೌಕಗಳು ಕಾಣುತ್ತವೆ. ಆದ್ದರಿಂದ ಹೆಸರಿನ ಬದಲು ಅಂಕಿಯನ್ನೇ ನಂಬಬೇಕು. ರಿಮೋಟಿನಲ್ಲಿ ಅಂಕಿ ಒತ್ತಿದರೆ ಒಟ್ಟು ಪಟ್ಟಿಯ ಅಷ್ಟನೆಯ ಹಾಡು ಬರುವ ಪ್ಲೇಯರ್ ಆಗಿದ್ದರೆ ಪ್ರತಿ ಫೋಲ್ಡರಿನಲ್ಲೂ ಸರಿಯಾಗಿ 50 ಹಾಡು ಇಡುವುದು ಜಾಣತನ. ಆಗ 1ಕ್ಕೆ ದೇವರ ನಾಮ, 51ಕ್ಕೆ ಭಾವಗೀತೆ, 101ಕ್ಕೆ ಚಿತ್ರಗೀತೆ ಎಂದು ದಪ್ಪ ಅಕ್ಷರದಲ್ಲಿ ಕನ್ನಡದಲ್ಲೇ ಬರೆದು ಆಂಪ್ಲಿಫಯರಿನ ಪಕ್ಕ ಅಂಟಿಸಬಹುದು. ಕರೆಂಟು ಹೋಗಿ ಬಂದಾಗ ನಿಂತಲ್ಲಿಂದ ಮುಂದುವರಿಯುವ ಗುಣ ಪ್ಲೇಯರಿಗೆ ಇರಲೇಬೇಕು. ಇಲ್ಲದಿದ್ದರೆ ಮನೆಮಂದಿ ತಿಂಗಳುಗಟ್ಟಲೆ ಮೊದಲ ಹತ್ತು ಹಾಡನ್ನೇ ಕೇಳುತ್ತಾರೆ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಾಗಲಿ ಊರಿನ ಅಂಗಡಿಯಲ್ಲಾಗಲಿ ಕೊಳ್ಳುವ ಮುನ್ನ ಪ್ಲಗ್ ಕಿತ್ತು ಮತ್ತೆ ಹಾಕಿ ಇದನ್ನು ಪರೀಕ್ಷಿಸಬೇಕು. ಮೂರು ಗಂಟೆಯ ತಾಳಮದ್ದಳೆಯನ್ನು ಕಾಲು ಗಂಟೆಯ ತುಂಡು ಮಾಡಿದರೆ ಹಿಂದೆಮುಂದೆ ಹೋಗಲು ಅನುಕೂಲ, ಮಾತಿನ ನಡುವೆ ಅರೆಕ್ಷಣ ಬಿಟ್ಟುಹೋದರೆ ನಷ್ಟವಿಲ್ಲ. ಮಲ್ಲಿಕಾರ್ಜುನ ಮನ್ಸೂರರ, ಭೀಮಸೇನ ಜೋಶಿಯವರ ರಾಗವನ್ನು ಮಾತ್ರ ತುಂಡರಿಸಬಾರದು. ಹಳೆಯ ಹಾಡು ಮೆಲ್ಲಗೆ, ಹೊಸದು ಅಬ್ಬರವಾಗಿ ಬಂದರೆ ಹಿರಿಯರು ಪದೇ ಪದೇ ಏಳಬೇಕಾಗುತ್ತದೆ. ಎಂಪಿ3ಗೇನ್ ಎಂಬ ತಂತ್ರಾಂಶ ಹಾಡನ್ನು ಮರು ಎನ್‌ಕೋಡ್ ಮಾಡದೆ, ಒಂದೂವರೆ ಡೆಸಿಬಲ್ ಹೆಜ್ಜೆಗಳಲ್ಲಿ, ಎಲ್ಲದರ ಮಟ್ಟವನ್ನೂ ಸಮ ಮಾಡುತ್ತದೆ.

ಎಂಪಿ3 ಎಂದರೆ ಮೂಗು ಮುರಿಯುವ ರಸಿಕರಿದ್ದಾರೆ. ಸಿಡಿಯ ಸೆಕೆಂಡಿಗೆ 1,411 ಕಿಲೋಬಿಟ್‌ಗಳಲ್ಲಿ ಎಂಪಿ3 ಬಹುಪಾಲನ್ನು ಕೈಬಿಡುತ್ತದೆ ಎಂಬ ಅವರ ಮಾತು ಸರಿಯೇ. ಒಳ್ಳೆಯ ಸಿಡಿಗಳ ಸಂಗ್ರಹವಿದ್ದವರು ಏನನ್ನೂ ಕೈಬಿಡದ ಫ್ಲ್ಯಾಕ್ ರೂಪದಲ್ಲಿ ತೆಗೆದಿಟ್ಟು, ಅದನ್ನು ಓದಬಲ್ಲ ಪ್ಲೇಯರನ್ನೇ ಕೊಳ್ಳಲಿ. ಆದರೆ 1978ರ ‘ನಿತ್ಯೋತ್ಸವ’ದಿಂದ ಶುರುವಾದ ಭಾವಗೀತೆಯ ಕ್ಯಾಸೆಟ್ ಯುಗದ ಬಹುಪಾಲು ಮನೆಗಳಲ್ಲಿ ಉಳಿದಿರುವುದು ಸವೆದ ಟೇಪಿನ ಮೇಲೆ. ಅದನ್ನು ಕಂಪ್ಯೂಟರಿಗೆ ಇಳಿಸುವಾಗ ಟೇಪಿನ ಹೆಡ್ ಒರೆಸಿ ಶುಚಿ ಮಾಡುವುದರಿಂದ ಆಗುವ ಲಾಭ ಫೈಲಿನ ಫಾರ್ಮ್ಯಾಟ್ ಬದಲಿಸುವುದರಿಂದ ಆಗದು. ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರನ್ನು ಬಳಸಬಾರದೇಕೆ ಎಂದು ಕೇಳುವವರೂ ಇದ್ದಾರೆ. ಅದಕ್ಕೆ ಡಿಜಿಟಲ್ ಹಾಡನ್ನು ಆಂಪ್ಲಿಫಯರಿಗೆ ಬೇಕಾದ ಸಿಗ್ನಲ್ ಮಾಡಿಕೊಡುವ ಒಳ್ಳೆಯ ಡ್ಯಾಕ್ ಜೋಡಿಸಿದರೆ ದನಿ ನಿಜಕ್ಕೂ ಚೆನ್ನ. ಆದರೆ ಕ್ರಮವಾಗಿ ಷಟ್‌ಡೌನ್ ಮಾಡದೆ ಸ್ವಿಚ್ ಆರಿಸಿದರೆ ಅದರ ಮೆಮೊರಿ ಕಾರ್ಡ್ ಕೆಡುವ ಅಪಾಯವಿದೆ, ಗೋಡೆಯ ಸ್ವಿಚ್ ಆರಿಸುವುದನ್ನೇ ಉಳಿತಾಯವೆಂದು ಕಲಿತ ನಮ್ಮ ಮನೆಗಳಲ್ಲಿ ಅದು ಹೆಚ್ಚು ಕಾಲ ಬಾಳದು.

ಕೊನೆಯ ಆಕ್ಷೇಪಕ್ಕೆ ತೂಕವಿದೆ: ಪೆನ್‌ಡ್ರೈವ್ ಒಂದು ದಿನ ಕೈಕೊಡುತ್ತದೆ, ಜೋಡಿಸಿಕೊಟ್ಟವರು ಯಾವಾಗಲೂ ಪಕ್ಕದಲ್ಲಿರುವುದಿಲ್ಲ. ಆದ್ದರಿಂದ ಒಂದೇ ರೀತಿಯ ಎರಡು ಪೆನ್‌ಡ್ರೈವ್ ಮಾಡಿ, ಒಂದನ್ನು ಕವರಿನಲ್ಲಿ ಹಾಕಿ ಮನೆಯಲ್ಲೇ ಇಡಬೇಕು, ಮೂಲ ಫೈಲುಗಳು ಕಂಪ್ಯೂಟರಿನಲ್ಲಿ ಇರಬೇಕು. ಪ್ಲೇಯರ್ ಕೆಟ್ಟರೂ ಅಷ್ಟೇ ಸುಲಭ. ಬೆಲೆ ಕೆಲವು ನೂರು ರೂಪಾಯಿ, ಪೆನ್‌ಡ್ರೈವ್ ಅದೇ, ಮನೆಯವರು ಹೊಸದಾಗಿ ಕಲಿಯಬೇಕಾದದ್ದು ಬಹಳವಿಲ್ಲ. ಅಪ್ಪ ಅಮ್ಮನಿಗೆ ಇಂಥದೊಂದು ಮಾಡಿಕೊಡಬೇಕು ಎಂದುಕೊಂಡಿರುವವರು ಯಂತ್ರದ ಆಯ್ಕೆಗೆ ಒಂದು ಗಂಟೆ ಕೊಟ್ಟರೆ ಸಾಕು. ಮಿಕ್ಕ ಭಾನುವಾರವನ್ನು ಅವರ ಪಕ್ಕ ಕೂತು, ಯಾವ ಹಾಡು ಯಾವ ಹೊತ್ತಿಗೆ ಬೇಕು ಎಂದು ಕೇಳಿ ಪಟ್ಟಿ ಮಾಡುವುದಕ್ಕೆ ಇಡಿ.