ಹುಸಿಗುಳಿಗೆ: ಯಾವಾಗ ಸರಿ, ಯಾವಾಗ ತಪ್ಪು?

ನೆಗಡಿಗೆ ಔಷಧ ಮಾಡಿದರೆ ಒಂದು ವಾರ, ಮಾಡದಿದ್ದರೆ ಏಳು ದಿನ ಎಂದು ತಮಾಷೆಗೆ ಹೇಳುವುದುಂಟು. ಈ ಮಾತಿನಲ್ಲಿ ಸತ್ಯವಿದೆ. ಗುಳಿಗೆ ನುಂಗಿದ ಮೇಲೆ ಕಾಯಿಲೆ ವಾಸಿಯಾದರೆ ಅದು ಗುಳಿಗೆಯಿಂದಲೇ ಆಯಿತೆಂದು ಹೇಳಲಾಗದು. ಕೆಲವು ಕಾಯಿಲೆಗಳು ತಾವಾಗಿಯೇ ಗುಣವಾಗುತ್ತವೆ. ಕೆಲವೊಮ್ಮೆ ವೈದ್ಯರ ಮೇಲಿನ ನಂಬಿಕೆಯಿಂದಲೇ ನೋವು ಕಡಿಮೆಯಾದಂತೆ ಅನಿಸುತ್ತದೆ. ಆದ್ದರಿಂದ ಹೊಸ ಔಷಧದ ನಿಜವಾದ ಗುಣ ತಿಳಿಯಲು ಅದನ್ನು ಹುಸಿಗುಳಿಗೆಯೊಂದಿಗೆ ಹೋಲಿಸಿ ನೋಡುತ್ತಾರೆ. ವೈದ್ಯರು ಇದನ್ನು 'ಪ್ಲಾಸಿಬೊ' ಎನ್ನುತ್ತಾರೆ.

ಹುಸಿಗುಳಿಗೆ ಎಂದರೇನು?

ಬಣ್ಣ, ಆಕಾರ, ರುಚಿಯಲ್ಲಿ ಇದು ಔಷಧದಂತೆಯೇ ಇರುತ್ತದೆ. ಆದರೆ ಒಳಗೆ ಔಷಧದ ಅಂಶವಿರುವುದಿಲ್ಲ. ಪ್ರಯೋಗಕ್ಕೆ ಒಪ್ಪಿದ ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದಕ್ಕೆ ಔಷಧವನ್ನೂ ಇನ್ನೊಂದಕ್ಕೆ ಹುಸಿಗುಳಿಗೆಯನ್ನೂ ಕೊಡುತ್ತಾರೆ. ಯಾರಿಗೆ ಯಾವುದು ಸಿಕ್ಕಿದೆ ಎಂಬುದು ರೋಗಿಗಷ್ಟೇ ಅಲ್ಲ, ಸಾಮಾನ್ಯವಾಗಿ ವೈದ್ಯರಿಗೂ ತಿಳಿದಿರುವುದಿಲ್ಲ.

ಇದು ರೋಗಿಗೆ ಮಾಡುವ ಮೋಸವಲ್ಲವೇ ಎಂದು ನೀವು ಕೇಳಬಹುದು. ಮೊದಲೇ ಎಲ್ಲವನ್ನೂ ತಿಳಿಸಿ ಒಪ್ಪಿಗೆ ಪಡೆದಿದ್ದರೆ ಮೋಸವಲ್ಲ. ಇದರಿಂದ ಪ್ರಾಣ ಉಳಿದದ್ದೂ ಉಂಟು. ಹೃದಯಾಘಾತದ ನಂತರ ಹೃದಯದ ಬಡಿತ ತಪ್ಪುತ್ತಿದ್ದವರಿಗೆ ಎನ್‌ಕೈನೈಡ್ ಮತ್ತು ಫ್ಲೆಕೈನೈಡ್ ಎಂಬ ಔಷಧಗಳನ್ನು ಅಮೆರಿಕದಲ್ಲಿ ಕೊಡುತ್ತಿದ್ದರು. ಬಡಿತವೇನೋ ಸರಿಹೋಗುತ್ತಿತ್ತು. ಆದರೆ 1989ರಲ್ಲಿ ಹುಸಿಗುಳಿಗೆಯೊಂದಿಗೆ ಹೋಲಿಸಿದಾಗ, ಔಷಧ ಪಡೆದ ಗುಂಪಿನಲ್ಲೇ ಸಾವು ಎರಡು ಪಟ್ಟಿಗಿಂತ ಹೆಚ್ಚಾಗಿತ್ತು! ಹೋಲಿಕೆಯ ಗುಂಪು ಇಲ್ಲದಿದ್ದರೆ ಇದು ಬೆಳಕಿಗೆ ಬರುವುದು ಕಷ್ಟವಿತ್ತು.

ತಪ್ಪಾಗುವುದು ಎಲ್ಲಿ?

ಗುಣ ಕೊಡುವ ಔಷಧ ಇದೆಯೆಂದು ಮೊದಲೇ ಸಾಬೀತಾಗಿರುವಾಗ, ಅದನ್ನು ತಡೆಹಿಡಿದು ಬರಿಯ ಹುಸಿಗುಳಿಗೆ ಕೊಡಬಹುದೇ? ಈ ಪ್ರಶ್ನೆ 1990ರ ದಶಕದಲ್ಲಿ ಜಗತ್ತಿನ ವೈದ್ಯರನ್ನು ಎರಡು ಪಕ್ಷವಾಗಿ ಮಾಡಿತು.

ಎಚ್‌ಐವಿ ಸೋಂಕಿರುವ ಗರ್ಭಿಣಿಗೆ ಜಿಡೊವುಡಿನ್ ಔಷಧ ಕೊಟ್ಟರೆ ಮಗುವಿಗೆ ಸೋಂಕು ತಗಲುವುದು ಬಹಳ ಕಡಿಮೆಯಾಗುತ್ತದೆ ಎಂದು 1994ರಲ್ಲಿ ಅಮೆರಿಕ ಮತ್ತು ಫ್ರಾನ್ಸಿನ ಅಧ್ಯಯನ ತೋರಿಸಿತು. ಹುಸಿಗುಳಿಗೆಯ ಗುಂಪಿನಲ್ಲಿ 100 ಮಕ್ಕಳಲ್ಲಿ ಸುಮಾರು 25ಕ್ಕೆ ಸೋಂಕು ತಗಲಿದರೆ, ಔಷಧದ ಗುಂಪಿನಲ್ಲಿ ಕೇವಲ 8ಕ್ಕೆ ತಗಲಿತು. ಆದರೆ ಈ ಚಿಕಿತ್ಸೆ ದೀರ್ಘವಾದದ್ದು, ದುಬಾರಿಯೂ ಹೌದು. ಬಡ ದೇಶಗಳಿಗಾಗಿ ಅಗ್ಗದ, ಕಡಿಮೆ ಅವಧಿಯ ಚಿಕಿತ್ಸೆ ಹುಡುಕಲು ಆಫ್ರಿಕಾ ಮತ್ತು ಥೈಲ್ಯಾಂಡಿನಲ್ಲಿ ಪ್ರಯೋಗಗಳು ನಡೆದವು. ಅವುಗಳಲ್ಲಿ ಹಲವು ಕಡೆ ಒಂದು ಗುಂಪಿನ ಗರ್ಭಿಣಿಯರಿಗೆ ಹುಸಿಗುಳಿಗೆಯನ್ನಷ್ಟೇ ಕೊಡಲಾಯಿತು.

1997ರಲ್ಲಿ ಅಮೆರಿಕದ ವೈದ್ಯರಾದ ಪೀಟರ್ ಲೂರಿ ಮತ್ತು ಸಿಡ್ನಿ ವೋಲ್ಫ್ ಇದನ್ನು ಬಲವಾಗಿ ಖಂಡಿಸಿದರು. ಅಲ್ಲಿನ ಬಡ ಮಹಿಳೆಯರಿಗೆ ಹೇಗೂ ಔಷಧ ಸಿಗುತ್ತಿರಲಿಲ್ಲ, ಉತ್ತರ ಬೇಗ ಬೇಕು ಎಂಬುದು ಪ್ರಯೋಗದ ಪರವಾದ ವಾದ. ತಿಳಿದಿರುವ ಔಷಧದೊಂದಿಗೇ ಹೊಸ ಕ್ರಮವನ್ನು ಹೋಲಿಸಬಹುದಿತ್ತಲ್ಲ ಎಂಬುದು ವಿರೋಧಿಗಳ ವಾದ. 1998ರ ಫೆಬ್ರವರಿಯಲ್ಲಿ ಬ್ಯಾಂಕಾಕಿನ ಫಲಿತಾಂಶ ಬಂತು. ಗರ್ಭದ 36ನೇ ವಾರದಿಂದ ಔಷಧ ಕೊಟ್ಟರೂ ಸೋಂಕು ಅರ್ಧಕ್ಕೆ ಇಳಿದಿತ್ತು. ಆ ಬಳಿಕ ಹುಸಿಗುಳಿಗೆ ಕೊಡುವುದನ್ನು ನಿಲ್ಲಿಸಲಾಯಿತು.

ಅದೇ ಥೈಲ್ಯಾಂಡಿನಲ್ಲಿ 1997ರಲ್ಲಿ ಆರಂಭವಾದ ಮತ್ತೊಂದು ಅಧ್ಯಯನದಲ್ಲಿ ಎಲ್ಲ ಗರ್ಭಿಣಿಯರಿಗೂ ಜಿಡೊವುಡಿನ್ ಕೊಟ್ಟು, ಅವಧಿಯನ್ನು ಮಾತ್ರ ಹೆಚ್ಚುಕಡಿಮೆ ಮಾಡಲಾಯಿತು. ಅತಿ ಕಡಿಮೆ ಅವಧಿಯ ಚಿಕಿತ್ಸೆ ಸಾಲದೆಂದು ಕಂಡಕೂಡಲೇ ಅದನ್ನು ನಿಲ್ಲಿಸಿದರು. 2000ದಲ್ಲಿ ಪ್ರಕಟವಾದ ಈ ಅಧ್ಯಯನ, ಯಾರಿಗೂ ಔಷಧ ತಪ್ಪಿಸದೆ ಉಪಯುಕ್ತ ಉತ್ತರ ಪಡೆಯಬಹುದೆಂದು ತೋರಿಸಿತು. ಬಡತನದಿಂದ ಔಷಧ ಸಿಗದಿರುವುದು ಬೇರೆ, ಇರುವ ಔಷಧವನ್ನು ಪ್ರಯೋಗಕ್ಕಾಗಿ ಕೊಡದಿರುವುದು ಬೇರೆ ಎಂದು ನನ್ನ ಅಭಿಪ್ರಾಯ.

ನಿಯಮ ಏನು ಹೇಳುತ್ತದೆ?

ವಿಶ್ವ ವೈದ್ಯಕೀಯ ಸಂಘ 1964ರಲ್ಲಿ ಹೊರಡಿಸಿ, ಆಗಾಗ ತಿದ್ದುತ್ತ ಬಂದಿರುವ ಹೆಲ್ಸಿಂಕಿ ಘೋಷಣೆಯ ಪ್ರಕಾರ, ಹೊಸ ಚಿಕಿತ್ಸೆಯನ್ನು ಸಾಬೀತಾದ ಅತ್ಯುತ್ತಮ ಚಿಕಿತ್ಸೆಯೊಂದಿಗೇ ಹೋಲಿಸಬೇಕು. ಅಂಥ ಚಿಕಿತ್ಸೆ ಇಲ್ಲದಿದ್ದರೆ ಹುಸಿಗುಳಿಗೆ ಬಳಸಬಹುದು. ಚಿಕಿತ್ಸೆ ಇದ್ದೂ ಬಳಸಬೇಕಾದರೆ ಬಲವಾದ ವೈಜ್ಞಾನಿಕ ಕಾರಣವಿರಬೇಕು, ರೋಗಿಗೆ ಗಂಭೀರವಾದ ಅಥವಾ ಸರಿಪಡಿಸಲಾಗದ ಹಾನಿಯಾಗುವಂತಿರಬಾರದು. ನಮ್ಮ ದೇಶದ 2019ರ ನಿಯಮಗಳ ಪ್ರಕಾರ, ಪ್ರಯೋಗದ ಯೋಜನೆಯಂತೆ ಕೊಡಬೇಕಿದ್ದ ಪ್ರಚಲಿತ ಚಿಕಿತ್ಸೆಯನ್ನು ಕೊಡದೆ ಹುಸಿಗುಳಿಗೆಯ ಪ್ರಯೋಗದಲ್ಲಿ ಹಾನಿಯಾದರೆ ಪರಿಹಾರ ಕೊಡಬೇಕಾಗುತ್ತದೆ.

ಹುಸಿಗುಳಿಗೆ ಎಂದಾಕ್ಷಣ ಚಿಕಿತ್ಸೆಯೇ ಇಲ್ಲವೆಂದು ಹೆದರಬೇಕಿಲ್ಲ. ಅನೇಕ ಪ್ರಯೋಗಗಳಲ್ಲಿ ಎಲ್ಲರಿಗೂ ಪ್ರಚಲಿತ ಔಷಧವನ್ನು ಮುಂದುವರಿಸಿ, ಅದರ ಜೊತೆಗೆ ಹೊಸ ಔಷಧವನ್ನೋ ಹುಸಿಗುಳಿಗೆಯನ್ನೋ ಸೇರಿಸುತ್ತಾರೆ.

ನೀವು ಕೇಳಬೇಕಾದ ಪ್ರಶ್ನೆಗಳು

ನಿಮ್ಮನ್ನಾಗಲಿ ಮನೆಯವರನ್ನಾಗಲಿ ಔಷಧ ಪ್ರಯೋಗಕ್ಕೆ ಕರೆದರೆ, ಸಹಿ ಹಾಕುವ ಮುನ್ನ ಇವನ್ನು ಕೇಳಿ:

1. ಈ ಕಾಯಿಲೆಗೆ ಈಗಾಗಲೇ ಒಳ್ಳೆಯ ಚಿಕಿತ್ಸೆ ಇದೆಯೇ?

2. ಹೊಸ ಔಷಧ ನನ್ನ ಪಾಲಿಗೆ ಬಾರದಿದ್ದರೆ ನನಗೆ ಏನು ಕೊಡುತ್ತೀರಿ?

3. ನಡುವೆ ಕಾಯಿಲೆ ಹೆಚ್ಚಾದರೆ ಯಾರನ್ನು ಕಾಣಬೇಕು? ಆಗ ಯಾವ ಔಷಧ ಸಿಗುತ್ತದೆ?

4. ಪ್ರಯೋಗ ಮುಗಿದ ಮೇಲೆ, ಗುಣ ಕಂಡ ಔಷಧ ನನಗೆ ದೊರೆಯುವುದೇ?

ಒಪ್ಪಿಗೆ ಪತ್ರ ನಿಮಗೆ ತಿಳಿಯುವ ಭಾಷೆಯಲ್ಲಿರಬೇಕು. ಅದನ್ನು ಮನೆಯಲ್ಲಿ ಓದಿ, ಹಿರಿಯರೊಡನೆ, ನಿಮ್ಮ ವೈದ್ಯರೊಡನೆ ಚರ್ಚಿಸಲು ಸಮಯ ಕೇಳಿ. ಒಲ್ಲೆ ಎನ್ನುವ ಹಕ್ಕು, ಒಪ್ಪಿದ ಮೇಲೂ ಯಾವಾಗ ಬೇಕಾದರೂ ಹೊರಬರುವ ಹಕ್ಕು ನಿಮಗಿದೆ. ಆ ಕಾರಣಕ್ಕೆ ನಿಮ್ಮ ಮಾಮೂಲಿ ಚಿಕಿತ್ಸೆಗೆ ಕುಂದು ಬರಬಾರದು. ಎರಡನೆಯ ಪ್ರಶ್ನೆಗೆ ಸ್ಪಷ್ಟ ಉತ್ತರ ಸಿಗದಿದ್ದರೆ ಸಹಿ ಹಾಕಬೇಡಿ.