ದೋಣಿಯ ಮೋಟಾರಿನ ಸದ್ದು: ಅದು ಹುಟ್ಟುವುದೆಲ್ಲಿ?

ಲಕ್ಕವಳ್ಳಿಯ ಬಳಿ ಭದ್ರಾ ನದಿಗೆ ಕಟ್ಟಿರುವ ಅಣೆಕಟ್ಟಿನ ಹಿನ್ನೀರು ನರಸಿಂಹರಾಜಪುರದ ಸಮೀಪದವರೆಗೂ ಹರಡಿದೆ. ಸೀತೂರಿನ ಕಡೆಯ ಕೆಲವು ವಿದ್ಯಾರ್ಥಿಗಳೊಡನೆ ನಾವು ಒಮ್ಮೆ ಅಲ್ಲಿ ಮೋಟಾರು ದೋಣಿಯಲ್ಲಿ ಸಾಗಿದ್ದೆವು. ವೇಗವಾಗಿ ಹೋಗುವಾಗ ಮೋಟಾರಿನ ಸದ್ದು ಒಂದೇ ಸಮನಾಗಿತ್ತು. ದಡ ಹತ್ತಿರವಾಗಿ ವೇಗವನ್ನು ತಗ್ಗಿಸಿದೊಡನೆ ನೀರಿನೊಳಗಿನಿಂದ ಬಂದಂತೆ ಕಟಕಟ ಸದ್ದು ಕೇಳಿಸಿತು. ದೋಣಿಯ ಹಲಗೆಗಳೂ ನಡುಗಿದವು.

“ವೇಗ ಹೆಚ್ಚಿದರಲ್ಲವೆ ಸದ್ದು ಹೆಚ್ಚಬೇಕು, ಸಾರ್? ಇಲ್ಲಿ ತಿರುಗುಮುರುಗಾಗಿದೆಯಲ್ಲ!” ಎಂದು ಒಬ್ಬ ವಿದ್ಯಾರ್ಥಿ ಕೇಳಿದ. ಪ್ರಶ್ನೆ ಸೊಗಸಾದುದು. ನಡುನೀರಿನಲ್ಲಿ ಮೋಟಾರು ನಿಂತುಹೋದರೆ ಹುಟ್ಟು ಹಾಕುವುದೊಂದೇ ಗತಿಯಾದುದರಿಂದ ಉತ್ತರವನ್ನು ತಿಳಿಯುವುದೂ ಅಗತ್ಯ.

ದೋಣಿಯ ಹಿಂಬದಿಗೆ ಬಿಗಿಯುವ ಈ ಮೋಟಾರಿನಲ್ಲಿ ಎಂಜಿನು ಮೇಲಿರುತ್ತದೆ. ಅದರ ತಿರುಗುವಿಕೆ ನಿಲುವಾದ ಒಂದು ದಂಡದ ಮೂಲಕ ಕೆಳಗಿಳಿದು, ಹಲ್ಲುಚಕ್ರಗಳನ್ನು ದಾಟಿ, ಪ್ರೊಪೆಲ್ಲರಿಗೆ ತಲಪುತ್ತದೆ. ಸಿಲಿಂಡರಿನಲ್ಲಿ ಇಂಧನ ಹೊತ್ತಿದಾಗಲೆಲ್ಲ ದಂಡಕ್ಕೆ ಒಂದು ನೂಕು ದೊರೆಯುತ್ತದೆ. ಎರಡು ನೂಕುಗಳ ನಡುವೆ ವೇಗ ಕುಗ್ಗುತ್ತದೆ. ಈ ಏರಿಳಿತವನ್ನು ತಗ್ಗಿಸುವುದೇ ಫ್ಲೈವೀಲು ಎಂಬ ಭಾರವಾದ ಚಕ್ರದ ಕೆಲಸ. ಚಕ್ರದ ಚಲನಶಕ್ತಿ ವೇಗದ ವರ್ಗಕ್ಕೆ ಅನುಪಾತದಲ್ಲಿರುತ್ತದೆಂಬುದು ನಿಮಗೆ ತಿಳಿದೇ ಇದೆ. ನಿಮಿಷಕ್ಕೆ 4000 ಸುತ್ತು ತಿರುಗುವಾಗ ಇರುವ ಶಕ್ತಿಯಲ್ಲಿ 25ರಲ್ಲಿ ಒಂದು ಪಾಲು ಮಾತ್ರ 800 ಸುತ್ತಿನಲ್ಲಿರುತ್ತದೆ. ಆದುದರಿಂದ ನಿಧಾನಗತಿಯಲ್ಲಿ ಪ್ರತಿಯೊಂದು ನೂಕೂ ದಂಡವನ್ನು ಎಳೆದು ಬಿಟ್ಟಂತೆ ಮಾಡುತ್ತದೆ. ಹಲ್ಲುಚಕ್ರಗಳ ನಡುವೆ ಇರುವ ಕಿರಿದಾದ ಸಂದಿನಲ್ಲಿ ಹಲ್ಲುಗಳು ಬೇರೆಯಾಗಿ ಮತ್ತೆ ಬಡಿಯುತ್ತವೆ. ಸದ್ದು ಕೇಳುವುದು ಕೆಳಗೆ. ಅದರ ಕಾರಣ ಮೇಲೂ ಇರಬಹುದು!

ಹಾಗಾದರೆ ಕಾರಣವನ್ನು ಗುರುತಿಸುವುದು ಹೇಗೆ? ಸದ್ದನ್ನು ಎಣಿಸಬೇಕು. ನಮ್ಮ ದೋಣಿಯದು ಎರಡು ಸಿಲಿಂಡರುಗಳ, ಎರಡು ಹೊಡೆತದ ಎಂಜಿನು. ಇಂಥ ಎಂಜಿನಿನಲ್ಲಿ ಪ್ರತಿ ಸಿಲಿಂಡರೂ ಸುತ್ತಿಗೊಮ್ಮೆ ಹೊತ್ತುತ್ತದೆ. ನಿಮಿಷಕ್ಕೆ 800 ಸುತ್ತೆಂದರೆ ಸೆಕೆಂಡಿಗೆ ಸುಮಾರು 13 ಸುತ್ತು. ನೂಕುಗಳು ಸುಮಾರು 27. ಹಲ್ಲುಚಕ್ರಗಳು ವೇಗವನ್ನು ಅರ್ಧಕ್ಕಿಳಿಸಿದರೆ ಪ್ರೊಪೆಲ್ಲರು ಸೆಕೆಂಡಿಗೆ ಸುಮಾರು 7 ಸುತ್ತು ತಿರುಗುತ್ತದೆ. ಅದಕ್ಕೆ ಮೂರು ಅಲಗುಗಳಿದ್ದರೆ ಅಲಗುಗಳ ಎಣಿಕೆ 20. ಹೀಗೆ ಪ್ರತಿಯೊಂದು ಭಾಗಕ್ಕೂ ತನ್ನದೇ ಆದ ಸಂಖ್ಯೆಯುಂಟು.

ಕಿವಿಯಿಂದಲೇ ಇಷ್ಟು ಬೇಗ ಎಣಿಸಲಾಗದು. ಮೊಬೈಲಿನಲ್ಲಿ ಸದ್ದನ್ನು ಮುದ್ರಿಸಿಕೊಂಡು, ಎಂಟನೆಯ ಒಂದು ಪಾಲು ವೇಗದಲ್ಲಿ ಕೇಳಿದೆವು. ಆರು ಸೆಕೆಂಡುಗಳಲ್ಲಿ ಸುಮಾರು 10 ಬಡಿತಗಳು ಕೇಳಿದವು. ಎಂದರೆ, ನಿಜವಾಗಿ ಸೆಕೆಂಡಿಗೆ 13. ಇರಬೇಕಾದ 27ರಲ್ಲಿ ಅರ್ಧ! ಗೇರನ್ನು ಬಿಡಿಸಿ ಪ್ರೊಪೆಲ್ಲರು ನಿಂತಮೇಲೂ ಎಂಜಿನಿನ ಬಡಿತದ ಲಯ ಬದಲಾಗಲಿಲ್ಲ. ಒಂದು ಸಿಲಿಂಡರು ನಿಧಾನಗತಿಯಲ್ಲಿ ಹೊತ್ತುತ್ತಿಲ್ಲವೆಂದು ಊಹಿಸಿದೆವು. ದಡದಲ್ಲಿ ಮೆಕ್ಯಾನಿಕರು ಬಿಚ್ಚಿ ನೋಡಿದಾಗ ಒಂದು ಸ್ಪಾರ್ಕ್ ಪ್ಲಗ್ಗಿಗೆ ಎಣ್ಣೆಯ ಮಸಿ ಕಟ್ಟಿತ್ತು. ಪ್ಲಗ್ಗನ್ನು ಬದಲಾಯಿಸಿದಮೇಲೆ ಕಟಕಟ ಸದ್ದು ಬಹುಮಟ್ಟಿಗೆ ಅಡಗಿತು.

ದೋಣಿ ನಡುಗಿದುದೇಕೆ? ನಿಮ್ಮ ಕಡೆಯ ಅಡಕೆ ತೋಟದಲ್ಲಿ ಕೊನೆಗಾರನು ಮರದ ತೂಗಾಟದ ಲಯಕ್ಕೆ ಮೈತೂಗಿ ಪಕ್ಕದ ಮರವನ್ನು ಹಿಡಿಯುವುದನ್ನು ನೋಡಿರುವಿರಷ್ಟೆ. ಲಯ ಹೊಂದಿದರೆ ಸಣ್ಣ ನೂಕೇ ದೊಡ್ಡ ತೂಗಾಟವಾಗುತ್ತದೆ, ಇದೇ ಅನುರಣನ. ಮೋಟಾರು ಕುಳಿತಿರುವ ರಬ್ಬರಿನ ಮೆತ್ತೆಗಳಿಗೂ ಸ್ವಂತ ಲಯವಿದೆ. ಎಂಜಿನಿನ ನೂಕುಗಳು ಅದಕ್ಕಿಂತ ಬಹಳ ಶೀಘ್ರವಾಗಿದ್ದರೆ ಮೆತ್ತೆಗಳು ನಡುಕವನ್ನು ತಡೆಯುತ್ತವೆ. ನೂಕುಗಳು ಅರ್ಧಕ್ಕಿಳಿದು ಆ ಲಯವನ್ನು ಸಮೀಪಿಸಿದರೆ ನಡುಕ ದೋಣಿಗೆ ಹಬ್ಬುತ್ತದೆ.

ಇನ್ನೆರಡು ಎಚ್ಚರಿಕೆಯ ಮಾತುಗಳು. ಗೇರು ಬಿಡಿಸಿದ್ದರೂ ಎಂಜಿನು ಓಡುತ್ತಿರುವಾಗ ಪ್ರೊಪೆಲ್ಲರಿನ ಬಳಿ ಕೈಯೊಡ್ಡಬಾರದು. ಅನೇಕ ಮೋಟಾರುಗಳಲ್ಲಿ ತಂಪುಗೊಳಿಸುವ ನೀರಿನ ಸಣ್ಣ ಧಾರೆಯೊಂದು ಹೊರಕ್ಕೆ ಚಿಮ್ಮುತ್ತಿರುತ್ತದೆ. ಸದ್ದು ಎಂಥದೇ ಇರಲಿ, ಆ ಧಾರೆ ನಿಂತರೆ ಎಂಜಿನನ್ನು ಕೂಡಲೇ ನಿಲ್ಲಿಸಬೇಕು. ಇಲ್ಲವಾದರೆ ಪಿಸ್ಟನ್ನು ಕಾದು ಕಚ್ಚಿಕೊಳ್ಳಬಹುದು.

ದೋಣಿ ಸಿಗದವರು ತೋಟದ ಪಂಪಿನ ಎಂಜಿನಿನ ಸದ್ದನ್ನು ದೂರ ನಿಂತು ಮುದ್ರಿಸಿ ಎಣಿಸಲಿ. ನಾಲ್ಕು ಹೊಡೆತದ, ಒಂದೇ ಸಿಲಿಂಡರಿನ ಎಂಜಿನು ಎರಡು ಸುತ್ತಿಗೊಮ್ಮೆ ಹೊತ್ತುತ್ತದೆ. ಅದು ನಿಮಿಷಕ್ಕೆ 1500 ಸುತ್ತು ತಿರುಗುತ್ತಿದ್ದರೆ ಸೆಕೆಂಡಿಗೆ ಎಷ್ಟು ಬಡಿತಗಳು ಕೇಳಬೇಕು? ಮೊದಲು ಲೆಕ್ಕ ಹಾಕಿ, ಅನಂತರ ಕಿವಿಗೊಡಿ.